ಬಿಡಿಭಾಗಗಳ ಚೀಟಿ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ರೆಸಿಸ್ಟರಿಗಾಗಿ ಎರಡು ಶನಿವಾರ ಅಲೆದಿದ್ದೇನೆ. ಬೇಕಾಗಿದ್ದುದು ಒಂದು ಕಿಲೋ ಓಮ್‌ನದು. ಇದನ್ನು ಹೇಳಿದರೆ ಎಲೆಕ್ಟ್ರಾನಿಕ್ಸ್ ಓದಿದ ಯಾರಾದರೂ ನಕ್ಕಾರು. ಅಲ್ಲಿ ಒಂದು ಕಿಲೋ ಓಮ್ ರೆಸಿಸ್ಟರನ್ನು ಕಡಲೆಕಾಯಿಯ ಹಾಗೆ ನೂರರ ಲೆಕ್ಕದಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಾರೆ. ಆದರೆ ನಾನು ಹುಡುಕುತ್ತಿದ್ದುದು ಬಿಸಿಯಾದಂತೆಲ್ಲ ತನ್ನ ಅಳತೆಯನ್ನು ಒಂದು ಗೊತ್ತಾದ ಲೆಕ್ಕದಲ್ಲಿ ಏರಿಸಿಕೊಳ್ಳುವಂಥದ್ದು: ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 3300 ಪಾಲು. ಒಬ್ಬ ಅಂಗಡಿಯವರು ಕನ್ನಡಕ ತೆಗೆದು ನನ್ನನ್ನು ನೋಡಿ, ‘ಬಿಸಿಯಾದ್ರೂ ಬದಲಾಗಬಾರದು ಅಂತ ಎಲ್ಲರೂ ಕೇಳ್ತಾರೆ. ಬದಲಾಗಲಿ ಅಂತ ಕೇಳ್ಕೊಂಡು ಬಂದೋರು ನೀವೇ ಮೊದಲು’ ಎಂದರು. ಇನ್ನೊಬ್ಬರು ಫೋನಿನಲ್ಲಿ ಯಾರನ್ನೋ ವಿಚಾರಿಸಿ, ‘ತರಿಸಿಕೊಡಬಹುದು ಸಾರ್, ಆದ್ರೆ ಸಾವಿರ ಪೀಸ್ ತಗೋಬೇಕಾಗುತ್ತೆ’ ಎಂದರು.

ನನಗೆ ಎರಡು ಸಾಕಿತ್ತು.

ಮನೆಯಲ್ಲೇ ಕೂತು ಸಿಂಥಸೈಜರ್ ಕಟ್ಟುವವರ ಚರಿತ್ರೆಯೆಲ್ಲ ಈ ಎರಡಕ್ಕೂ ಸಾವಿರಕ್ಕೂ ನಡುವಿನ ಜಾಗದಲ್ಲಿ ನಡೆದಿದೆ ಎಂದು ನನಗೆ ಆಮೇಲೆ ಅನ್ನಿಸಿತು. ಚರಿತ್ರೆ ನನ್ನ ಓದಿನ ವಿಷಯವಾದರೂ ಸಿಂಥಸೈಜರ್ ಅಲ್ಲ. ಅದು ರಾತ್ರಿಯ ಹುಚ್ಚು. ಹಾಗಾಗಿ ಇಲ್ಲಿ ಸ್ವಲ್ಪ ಸಲಿಗೆಯಿಂದ ಬರೆಯುತ್ತಿದ್ದೇನೆ.

ಮೊದಲು ಆ ರೆಸಿಸ್ಟರ್ ಯಾಕೆ ಬೇಕು ಎಂಬುದನ್ನು ಹೇಳಬೇಕು. ಸಂಗೀತ ಗೊತ್ತಿದ್ದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹಳೆಯ ಬಗೆಯ ಸಿಂಥಸೈಜರಿನಲ್ಲಿ ಕೀಲಿಮಣೆಯಿಂದ ಬರುವ ವೋಲ್ಟೇಜು ಒಂದು ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಏರಬೇಕು. ಸ್ಥಾಯಿ ಏರುವುದೆಂದರೆ ಕಂಪನಸಂಖ್ಯೆ ಇಮ್ಮಡಿಯಾಗುವುದು. ಒಂದು ಕಡೆ ಕೂಡುವ ಲೆಕ್ಕ, ಇನ್ನೊಂದು ಕಡೆ ಗುಣಿಸುವ ಲೆಕ್ಕ. ಇವೆರಡನ್ನು ಬೆಸೆಯುವ ಕೆಲಸವನ್ನು ಒಂದು ಟ್ರಾನ್ಸಿಸ್ಟರ್ ತನ್ನ ಹುಟ್ಟುಗುಣದಿಂದಲೇ ಮಾಡುತ್ತದೆ: ಅದರ ಬೇಸಿನ ಮೇಲೆ ಸುಮಾರು 18 ಮಿಲಿವೋಲ್ಟ್ ಹೆಚ್ಚಿದರೆ ಹರಿಯುವ ಕರೆಂಟು ಎರಡರಷ್ಟಾಗುತ್ತದೆ. ಆದರೆ ಈ 18 ಎಂಬುದು ಕೋಣೆಯ ಹವೆಯಲ್ಲಿ ನಿಜ. ಅದು ನಿರಪೇಕ್ಷ ತಾಪಮಾನದ ಜೊತೆ ಏರುತ್ತ ಇಳಿಯುತ್ತ ಇರುತ್ತದೆ. ನಮ್ಮ ಕೋಣೆಗಳು ಸುಮಾರು 300 ಕೆಲ್ವಿನ್ ಇರುವುದರಿಂದ ಒಂದು ಡಿಗ್ರಿ ಏರಿದರೆ ಮುನ್ನೂರರಲ್ಲಿ ಒಂದು ಪಾಲು ತಪ್ಪು. ಕೇಳಲು ಅಲ್ಪ ಅನ್ನಿಸುತ್ತದೆ. ಆದರೆ ಆಧಾರಸ್ವರದಿಂದ ಮೂರು ಸ್ಥಾಯಿ ಮೇಲೆ, ಅಂದರೆ 36 ಸ್ವರಸ್ಥಾನ ಮೇಲೆ ನುಡಿಸುತ್ತಿರುವಾಗ ಪೆಟ್ಟಿಗೆಯೊಳಗೆ ಐದು ಡಿಗ್ರಿ ಏರಿದರೆ ಸ್ವರ ಅರ್ಧ ಸ್ವರಸ್ಥಾನಕ್ಕಿಂತ ಹೆಚ್ಚು ಕುಸಿದಿರುತ್ತದೆ. ಕಛೇರಿಯಾದರೆ ಮುಂದಿನ ಸಾಲಿನವರು ಎದ್ದು ಹೋಗುತ್ತಾರೆ. ಮುನ್ನೂರರಲ್ಲಿ ಒಂದು ಅಂದರೆ ಹತ್ತು ಲಕ್ಷದಲ್ಲಿ 3333. ಆ ರೆಸಿಸ್ಟರಿನ 3300 ಬಂದದ್ದು ಅಲ್ಲಿಂದಲೇ. ಟ್ರಾನ್ಸಿಸ್ಟರ್ ತಪ್ಪುವಷ್ಟನ್ನೇ ತಾನೂ ತಿರುಗಾಮುರುಗಾ ತಪ್ಪಿ, ಲೆಕ್ಕ ಸರಿದೂಗಿಸುವ ಜೊತೆಗಾರ ಅದು. ಎರಡನ್ನೂ ಮೈಗೆ ಮೈ ತಾಗಿಸಿ ಅಂಟಿಸುತ್ತಾರೆ.

ಅಷ್ಟೇ ಸಾಲದು. ಟ್ರಾನ್ಸಿಸ್ಟರಿಗೂ ಒಂದು ಜೋಡಿ ಬೇಕು, ಮತ್ತು ಆ ಜೋಡಿ ಒಂದೇ ತೆರನಾಗಿರಬೇಕು. ದುಡ್ಡಿಲ್ಲದವರು ನೂರು ಟ್ರಾನ್ಸಿಸ್ಟರ್ ತಂದು ಒಂದೊಂದನ್ನೂ ಅಳೆದು ಜೋಡಿ ಹುಡುಕುತ್ತಾರೆ, ಗಂಡು-ಹೆಣ್ಣಿನ ಜಾತಕ ನೋಡಿದ ಹಾಗೆ. ನಾನೂ ಮಾಡಿದ್ದೇನೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಚಿಮುಟದಲ್ಲಿ ಹಿಡಿದು ಅಳೆಯಬೇಕು. ಬೆರಳು ತಾಗಿ ಒಂದು ಡಿಗ್ರಿ ಬಿಸಿಯಾದರೂ ಎರಡು ಮಿಲಿವೋಲ್ಟ್ ಸರಿಯುತ್ತದೆ, ಅಂದರೆ ಒಂದು ಸ್ವರಸ್ಥಾನಕ್ಕಿಂತ ಹೆಚ್ಚು. ಷಡ್ಜ ಹೋಗಿ ರಿಷಭವಾಗಲು ಒಂದು ಬೆರಳಿನ ಬಿಸಿ ಸಾಕು ಎಂದು ತಿಳಿದ ರಾತ್ರಿ, ನನಗೆ ಇಡೀ ವಾದ್ಯದ ಮೇಲೆ ಮರುಕ ಹುಟ್ಟಿತು.

ಬಿಡಿಭಾಗ ಕೊಂಡು ವಾದ್ಯ ಕಟ್ಟುವುದು ಬಡವರ ಅಡ್ಡದಾರಿ ಎಂದು ತಿಳಿಯುವವರಿದ್ದಾರೆ. ನಿಜ ನೋಡಿದರೆ ಸಿಂಥಸೈಜರ್ ಹುಟ್ಟಿದ್ದೇ ಆ ದಾರಿಯಲ್ಲಿ. ರಾಬರ್ಟ್ ಮೂಗ್ 1954ರಲ್ಲಿ, ಇನ್ನೂ ಹತ್ತೊಂಬತ್ತರ ಹುಡುಗ, ಥೆರಮಿನ್ ಕಟ್ಟುವುದು ಹೇಗೆಂದು ಒಂದು ರೇಡಿಯೋ ಪತ್ರಿಕೆಗೆ ಲೇಖನ ಬರೆದ. 1961ರಲ್ಲಿ ಟ್ರಾನ್ಸಿಸ್ಟರ್ ಬಳಸಿದ ಥೆರಮಿನ್ ಬಗ್ಗೆ ಮತ್ತೊಂದು ಲೇಖನ ಬಂತು. ಅದರ ಬೆನ್ನಿಗೆ ಸುಮಾರು ಸಾವಿರ ಕಿಟ್‌ಗಳನ್ನು ಅಂಚೆಯಲ್ಲಿ ಮಾರಿದ. ಓದುಗರೇ ಗ್ರಾಹಕರು, ಗ್ರಾಹಕರೇ ತಯಾರಕರು. 1964ರಲ್ಲಿ ಹರ್ಬರ್ಟ್ ಡಾಯಿಚ್ ಎಂಬ ಸಂಗೀತಗಾರನ ಜೊತೆ ಸೇರಿ ಮೊದಲ ಸಿಂಥಸೈಜರ್ ಭಾಗಗಳನ್ನು ಕಟ್ಟುವ ಹೊತ್ತಿಗೆ ಮೂಗ್‌ಗೆ ಬಿಡಿಭಾಗಗಳನ್ನು ಪೊಟ್ಟಣ ಕಟ್ಟಿ ಕಳಿಸುವ ಕೆಲಸ ಕರತಲಾಮಲಕವಾಗಿತ್ತು.

ಆಮೇಲಿನ ಹತ್ತು ಹದಿನೈದು ವರ್ಷ ಪತ್ರಿಕೆಗಳ ಕಾಲ. ಅಮೆರಿಕದ ಒಕ್ಲಹಾಮಾದಲ್ಲಿ ಜಾನ್ ಸೈಮಂಟನ್ 1967ರಲ್ಲಿ ಶುರುಮಾಡಿದ ‘ಪಯಾ’ ಕಿಟ್ ಮಾರುತ್ತಿತ್ತು. ಇಥಾಕಾ ಊರಿನಿಂದ ಬರ್ನಿ ಹಚಿನ್ಸ್ 1972ರಿಂದ ‘ಎಲೆಕ್ಟ್ರೋನೋಟ್ಸ್’ ಹೊರಡಿಸಿದ. ಸಂಗೀತದ ಸರ್ಕ್ಯೂಟುಗಳ ಬಗ್ಗೆ ಅಷ್ಟು ಗಂಭೀರವಾದ ಬರಹ ಆಗ ಬೇರೆ ಕಡೆ ಸಿಗುವುದು ಕಷ್ಟವಿತ್ತು. ಇಂಗ್ಲೆಂಡಿನ ಪತ್ರಿಕೆಗಳು ತಿಂಗಳು ತಿಂಗಳೂ ಧಾರಾವಾಹಿಯ ಹಾಗೆ ಸಿಂಥಸೈಜರ್ ಪ್ರಕಟಿಸಿದವು. ಈ ತಿಂಗಳು ಆಸಿಲೇಟರ್, ಮುಂದಿನ ತಿಂಗಳು ಫಿಲ್ಟರ್. ಎಸೆಕ್ಸ್‌ನಲ್ಲಿ 1972ರಲ್ಲಿ ಅಂಚೆ ವ್ಯಾಪಾರವಾಗಿ ಹುಟ್ಟಿದ ಮ್ಯಾಪ್ಲಿನ್ ಅಂಥವರಿಗೆ ಬಿಡಿಭಾಗ ಮಾರಿಯೇ ಬೆಳೆದು ಊರೂರಲ್ಲಿ ಅಂಗಡಿ ತೆರೆಯಿತು. 2018ರಲ್ಲಿ ಎಲ್ಲವೂ ಮುಚ್ಚಿದವು. ಆ ಕಾಲದಲ್ಲಿ ಪತ್ರಿಕೆಯೇ ಒಂದು ಬಗೆಯ ಒಕ್ಕೂಟ. ಒಂದೇ ಸರ್ಕ್ಯೂಟನ್ನು ಸಾವಿರಾರು ಜನ ಒಂದೇ ತಿಂಗಳಲ್ಲಿ ಕಟ್ಟಲು ಕೂರುತ್ತಿದ್ದರು, ಹಾಗಾಗಿ ಅಂಗಡಿಯವರು ಆ ಭಾಗವನ್ನು ಧೈರ್ಯವಾಗಿ ತರಿಸಿಡುತ್ತಿದ್ದರು. ಒಟ್ಟಾಗಿ ಕೊಳ್ಳುತ್ತಿದ್ದೇವೆ ಎಂಬುದು ಕೊಳ್ಳುವವರಿಗೇ ಗೊತ್ತಿರಲಿಲ್ಲ.

ಚಿಪ್ಪುಗಳು ಬಂದ ಮೇಲೆ ಈ ಲೆಕ್ಕ ಬದಲಾಯಿತು. ಮೊದಲು ಸಾಲಿಡ್ ಸ್ಟೇಟ್ ಮ್ಯೂಸಿಕ್ ಕಂಪನಿಯ ಎಸ್‌ಎಸ್‌ಎಂ ಚಿಪ್ಪುಗಳು, ಬೆನ್ನಿಗೆ ಡಗ್ ಕರ್ಟಿಸ್‌ನ ಸಿಇಎಂ ಚಿಪ್ಪುಗಳು. ಟ್ರಾನ್ಸಿಸ್ಟರಿನ ಜೋಡಿ, ಅದರ ಬಿಸಿ, ಅದರ ಲೆಕ್ಕ ಎಲ್ಲವನ್ನೂ ಒಂದೇ ಕರಿಯ ತುಂಡಿನೊಳಗೆ ಕೂರಿಸಿದ ಕರ್ಟಿಸ್‌ನ ಸಿಇಎಂ 3340 ಆಸಿಲೇಟರ್ ನನ್ನ 3300ರ ರೆಸಿಸ್ಟರನ್ನು ನಿರುದ್ಯೋಗಿಯಾಗಿಸಿತು. 1978ರ ಪ್ರಾಫೆಟ್-5 ಸಿಂಥಸೈಜರಿನಲ್ಲಿ ಐದು ದನಿ, ದನಿಗೆರಡರಂತೆ ಹತ್ತು ಆಸಿಲೇಟರು. ಹತ್ತೂ ಒಂದೇ ಶ್ರುತಿಯಲ್ಲಿ ನಿಲ್ಲಬೇಕಾದರೆ ಚಿಪ್ಪು ಬೇಕೇ ಬೇಕು. ಅದು ಎಸ್‌ಎಸ್‌ಎಂನಿಂದ ಶುರುವಾಗಿ 1980ರ ಮೂರನೆಯ ಆವೃತ್ತಿಯಲ್ಲಿ ಸಿಇಎಂಗೆ ಬದಲಾಯಿತು. ಒಬೆರ್‌ಹೈಮ್, ಮೂಗ್, ರೋಲ್ಯಾಂಡ್ ಎಲ್ಲರ ಪೆಟ್ಟಿಗೆಯೊಳಗೂ ಅದೇ ಚಿಪ್ಪು ಹೊಕ್ಕಿತು. 1983ರಲ್ಲಿ ಯಮಾಹಾದ ಡಿಎಕ್ಸ್7 ಬಂತು, ಪೂರ್ತಿ ಡಿಜಿಟಲ್. ನಾಲ್ಕೈದು ವರ್ಷದಲ್ಲಿ ಈ ಚಿಪ್ಪುಗಳನ್ನು ಕೇಳುವವರಿಲ್ಲದೆ ಹೋದರು. ಒಂದೊಂದಾಗಿ ತಯಾರಿಕೆ ನಿಂತಿತು.

ಇಲ್ಲೊಂದು ತೊಡಕಿದೆ, ಅದನ್ನು ವಾದ್ಯಚರಿತ್ರೆ ಬರೆಯುವವರು ಬೇಗ ದಾಟಿಬಿಡುತ್ತಾರೆ. ವೀಣೆ ಮಾಡುವವರಿಗೆ ಒಳ್ಳೆಯ ಹಲಸಿನ ಮರ ಸಿಗುವುದು ಕಷ್ಟವಾಗಬಹುದು, ಆದರೆ ಹಲಸಿನ ಜಾತಿಯೇ ಒಂದು ಕಂಪನಿಯ ತೀರ್ಮಾನದಿಂದ ನಿಂತುಹೋಗುವುದಿಲ್ಲ. ಚಿಪ್ಪು ನಿಲ್ಲುತ್ತದೆ. ನಿಂತ ಮೇಲೆ ನೂರು ಜನ ಸೇರಿ ಕೇಳಿಕೊಂಡರೂ ಮತ್ತೆ ಬರುವುದಿಲ್ಲ. ರೆಸಿಸ್ಟರಾದರೆ ಸಾವಿರಕ್ಕೆ ಕಡಿಮೆ ಕೊಡುವುದಿಲ್ಲ ಎನ್ನುತ್ತಾರೆ, ಸರಿ, ಐವತ್ತು ಜನ ಕೂಡಿಕೊಳ್ಳೋಣ. ಸರ್ಕ್ಯೂಟ್ ಬೋರ್ಡಿನ ಖರ್ಚು ಬಹುಪಾಲು ಮೊದಲ ಸಿದ್ಧತೆಯದ್ದು, ಒಂದು ಮಾಡಿಸಿದರೂ ಅದೇ, ಐವತ್ತು ಮಾಡಿಸಿದರೂ ಅದೇ, ಅಲ್ಲೂ ಕೂಡಿಕೊಂಡರಾಯಿತು. ಆದರೆ ಚಿಪ್ಪನ್ನು ಬಿಲ್ಲೆಗಳ ಮೇಲೆ ಬೆಳೆಸುತ್ತಾರೆ. ಸಾಮಾನ್ಯವಾಗಿ 25 ಬಿಲ್ಲೆಗಳು ಒಟ್ಟಿಗೆ ಒಲೆ ಹತ್ತುತ್ತವೆ, ಒಂದೊಂದು ಬಿಲ್ಲೆಯಲ್ಲೂ ಸಣ್ಣ ಚಿಪ್ಪು ಸಾವಿರಗಟ್ಟಲೆ ಹುಟ್ಟುತ್ತವೆ. ಅದಕ್ಕೆ ಬೇಕಾದ ಜನಬಲ, ಹಣಬಲ ಯಾವ ಚೀಟಿಗೂ ಇಲ್ಲ.

ಹಾಗಾಗಿ ತೊಂಬತ್ತರ ದಶಕದಿಂದ ಶುರುವಾದದ್ದು ಒಂದು ಬಗೆಯ ಆಯುವ ಕೆಲಸ. ಹಳೆಯ ಗೋದಾಮಿನಲ್ಲಿ ಉಳಿದ ಪೆಟ್ಟಿಗೆ, ಮುಚ್ಚಿದ ಕಾರ್ಖಾನೆಯ ಹರಾಜು, ರಿಪೇರಿಯವನ ಅಟ್ಟ. ಯಾರಿಗೋ ಒಂದು ಕೊಳವೆ ಚಿಪ್ಪು ಸಿಗುತ್ತದೆ. ಕೊಳವೆ ಒಡೆದು ಬಿಡಿಯಾಗಿ ಮಾರುವುದಿಲ್ಲ ಎನ್ನುತ್ತಾನೆ ಮಾಲೀಕ. ಆಗ ಒಬ್ಬ ಮುಂದೆ ಬಂದು ಎಲ್ಲರ ದುಡ್ಡು ಕೂಡಿಸಿ, ತಾನೇ ತರಿಸಿ, ತನ್ನ ಊಟದ ಮೇಜಿನ ಮೇಲೆ ಹರಡಿ, ಎಣಿಸಿ, ಲಕೋಟೆಗೆ ಹಾಕಿ ವಿಳಾಸ ಬರೆಯುತ್ತಾನೆ. ಇದನ್ನು ನಮ್ಮಲ್ಲಿ ಯಾರಿಗೂ ಹೊಸದಾಗಿ ವಿವರಿಸಬೇಕಿಲ್ಲ. ಬೀದಿಯ ಹೆಂಗಸರು ಹಬ್ಬದ ಪಾತ್ರೆಗೆ ಕಟ್ಟುವ ಚೀಟಿಯೇ ಇದು. ಚೀಟಿ ನಡೆಸುವವಳ ಮೇಲೆ ನಂಬಿಕೆ, ಅವಳ ಬೆನ್ನ ಹಿಂದೆ ಸಣ್ಣ ಗುಸುಗುಸು, ಎರಡೂ ಸಮ ಸಮ ಇರುತ್ತವೆ.

ಟಿಬಿ-303ರ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ರೋಲ್ಯಾಂಡಿನ ತಡಾವೊ ಕಿಕುಮೊಟೊ ರೂಪಿಸಿದ ಈ ಬೆಳ್ಳಿಬಣ್ಣದ ಪೆಟ್ಟಿಗೆ 1981ರಲ್ಲಿ ಬಂದು 1984ರಲ್ಲಿ ನಿಂತಿತು. ಮಾಡಿದ್ದು ಸುಮಾರು ಹತ್ತು ಸಾವಿರ. ಬಾಸ್ ಗಿಟಾರಿನ ಬದಲಿಗೆಂದು ಮಾರಿದರು, ಯಾರೂ ಒಪ್ಪಲಿಲ್ಲ. ಅದನ್ನು ಅದರದೇ ವಾದ್ಯವಾಗಿ ಕೇಳಿದವರಲ್ಲಿ ಮೊದಲಿಗರು ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್. ಅವರು 1982ರಲ್ಲಿ ಅದನ್ನು ಟಿಆರ್-808ರ ಜೊತೆ ಕೂರಿಸಿ ಹತ್ತು ರಾಗಗಳನ್ನು ನುಡಿಸಿದರು. ಆ ಧ್ವನಿಮುದ್ರಿಕೆ 2010ರಲ್ಲಿ ಮರುಬಿಡುಗಡೆಯಾಗುವವರೆಗೆ ನಮ್ಮಲ್ಲೇ ಅದನ್ನು ನೆನೆದವರು ಕಡಿಮೆ. 1987ರಲ್ಲಿ ಷಿಕಾಗೋದ ಹುಡುಗರು ಅಗ್ಗಕ್ಕೆ ಸಿಕ್ಕ ಅದೇ ಪೆಟ್ಟಿಗೆಯಿಂದ ‘ಆಸಿಡ್’ ಎಂಬ ಹೊಸ ಸಂಗೀತ ತೆಗೆದ ಮೇಲೆ ಅದರ ಬೆಲೆ ಮುಗಿಲಿಗೇರಿತು. 2005ರಲ್ಲಿ ಲಿಮೋರ್ ಫ್ರೈಡ್ ಅದರ ನಕಲನ್ನು, ನಕ್ಷೆ ಮತ್ತು ಪ್ರೋಗ್ರಾಂ ಸಮೇತ, ಎಲ್ಲರಿಗೂ ತೆರೆದಿಟ್ಟಳು. ನಕ್ಷೆ ಪುಕ್ಕಟೆ. ಆದರೆ ನಕ್ಷೆಯಲ್ಲಿ 2ಎಸ್‌ಸಿ536ಎಫ್ ಎಂಬ ಟ್ರಾನ್ಸಿಸ್ಟರ್ ಇತ್ತು, ಫಿಲ್ಟರಿನ ಮೆಟ್ಟಿಲುಗಳಲ್ಲಿ. ಅದರ ತಯಾರಿಕೆ ನಿಂತಿತ್ತು. ಜ್ಞಾನ ಮುಕ್ತ, ವಸ್ತು ಬಂದ್! ಅಪರೂಪದ ಬಿಡಿಭಾಗಗಳ ಪೊಟ್ಟಣಕ್ಕಾಗಿ ಜನ ಹೆಸರು ಬರೆಸಿ ಕಾದರು.

808ರದ್ದು ಇನ್ನೂ ವಿಚಿತ್ರ. ರೋಲ್ಯಾಂಡಿನ ಸ್ಥಾಪಕ ಇಕುತಾರೊ ಕಾಕೆಹಾಶಿ ಹೇಳಿಕೊಂಡಂತೆ, ಅದರ ಸರಸರ ಸದ್ದಿಗೆ ಬಳಸಿದ್ದು ಪರೀಕ್ಷೆಯಲ್ಲಿ ಫೇಲಾದ ಟ್ರಾನ್ಸಿಸ್ಟರುಗಳನ್ನು. ಟ್ರಾನ್ಸಿಸ್ಟರ್ ತಯಾರಿಕೆ ಸುಧಾರಿಸಿತು, ಫೇಲಾಗುವವು ಸಿಗದೆ ಹೋದವು, 1983ಕ್ಕೆ ಯಂತ್ರವೂ ನಿಂತಿತು. ಒಂದು ವಾದ್ಯ ಸಾಯಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ.

ಈಗ ನಮ್ಮ ಚೀಟಿಯ ವಿಷಯ. ನಾವು ಒಂಬತ್ತು ಜನ, ಬೇಕಾಗಿದ್ದುದು 6581 ಎಂಬ ಚಿಪ್ಪು. ಸಿಡ್ ಎಂದು ಕರೆಯುತ್ತಾರೆ. ಬಾಬ್ ಯಾನಿಸ್ ಎಂಬ ಎಂಜಿನಿಯರ್ 1981ರಲ್ಲಿ ಕೆಲವೇ ತಿಂಗಳಲ್ಲಿ ರೂಪಿಸಿದ್ದು, 1982ರ ಕಮೊಡೋರ್ 64 ಕಂಪ್ಯೂಟರಿನ ದನಿ. ಮೂರು ಆಸಿಲೇಟರ್, ಒಂದು ಫಿಲ್ಟರ್. ಆಸಿಲೇಟರುಗಳು ಡಿಜಿಟಲ್, ಹರಳಿನ ಗಡಿಯಾರಕ್ಕೆ ಕಟ್ಟುಬಿದ್ದವು, ಬಿಸಿಗೆ ಕದಲುವುದಿಲ್ಲ. ಫಿಲ್ಟರ್ ಮಾತ್ರ ಹಳೆಯ ಬಗೆಯದು. ತಯಾರಿಕೆಯ ಏರುಪೇರಿನಿಂದ ಒಂದು ಚಿಪ್ಪಿನ ಫಿಲ್ಟರ್ ಇನ್ನೊಂದರಂತೆ ಕೇಳಿಸುವುದಿಲ್ಲ. ಎಲ್ಲರೂ ಆಸೆಪಡುವುದು ಆ ಫಿಲ್ಟರಿಗೆ. ಕಮೊಡೋರ್ 1994ರಲ್ಲಿ ದಿವಾಳಿಯಾಯಿತು. ಸ್ವೀಡನ್ನಿನ ಎಲೆಕ್ಟ್ರಾನ್ ಕಂಪನಿ ಉಳಿದ ಚಿಪ್ಪುಗಳಿಂದ ಸಿಡ್‌ಸ್ಟೇಷನ್ ಎಂಬ ಸಿಂಥಸೈಜರ್ ಮಾಡಿತು, ದಾಸ್ತಾನು ಮುಗಿದಾಗ ನಿಲ್ಲಿಸಿತು. ಜರ್ಮನಿಯ ಥಾರ್ಸ್ಟನ್ ಕ್ಲೋಸೆ ‘ಮಿಡಿಬಾಕ್ಸ್’ ಹೆಸರಿನಲ್ಲಿ ಮನೆಯಲ್ಲೇ ಕಟ್ಟಬಹುದಾದ ನಕ್ಷೆ ಕೊಟ್ಟ ಮೇಲೆ ಬೇಡಿಕೆ ಇನ್ನೂ ಏರಿತು. ಕಮೊಡೋರ್ 64 ಕೋಟಿಗೂ ಹೆಚ್ಚು ಮಾರಾಟವಾದ ಯಂತ್ರವಾದ್ದರಿಂದ ಚಿಪ್ಪು ಸಿಗುತ್ತದೆ. ಆದರೆ ಒಂದು ಕಂಪ್ಯೂಟರನ್ನು ಕೊಂದರೆ ಮಾತ್ರ. ನಡೆಯುತ್ತಿದ್ದ ಯಂತ್ರದ ಗಂಟಲು ಕಿತ್ತು ಇನ್ನೊಂದಕ್ಕೆ ಹಾಕುವ ಈ ಕೆಲಸ ನನಗೆ ಈಗಲೂ ಸರಿಬರುವುದಿಲ್ಲ. ಹಾಗೆಂದು ನಾನು ಸುಮ್ಮನಿದ್ದೆನೇ? ಇಲ್ಲ. ಚೀಟಿ ನಡೆಸಿದ್ದು ನಾನೇ.

ಆರು ಜನರಿಗೆ ಒಂದೊಂದು, ಮೂವರಿಗೆ ಎರಡೆರಡು, ಒಟ್ಟು ಹನ್ನೆರಡು. ದೂರದೇಶದ ಮಾರಾಟಗಾರ. ದುಡ್ಡು ಕಳಿಸಿ ಏಳು ವಾರಕ್ಕೆ ಪೊಟ್ಟಣ ಬಂತು. ಕಸ್ಟಮ್ಸ್ ಸುಂಕವನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ, ಅದನ್ನು ಮತ್ತೆ ಎಲ್ಲರ ಹತ್ತಿರ ಕೇಳಬೇಕಾಯಿತು. ಚಿಪ್ಪುಗಳು ಹೊಚ್ಚ ಹೊಸದಾಗಿ ಹೊಳೆಯುತ್ತಿದ್ದವು. ಅದನ್ನು ನೋಡಿಯೇ ನಮ್ಮ ಗುಂಪಿನ ಹಿರಿಯರೊಬ್ಬರು, ಸಾರ್ವಜನಿಕ ವಲಯದ ಕಾರ್ಖಾನೆಯಿಂದ ನಿವೃತ್ತರಾದವರು, ‘ನಲವತ್ತು ವರ್ಷದ ಹೆಂಗಸಿನ ಮುಖ ಹದಿನಾರರ ಹಾಗಿದ್ರೆ ಸ್ವಲ್ಪ ಒರೆಸಿ ನೋಡ್ಬೇಕಪ್ಪ’ ಎಂದು ಅಸಿಟೋನ್ ಕೇಳಿದರು. ಮನೆಯಲ್ಲಿದ್ದುದು ತಂಗಿಯ ನೇಲ್ ಪಾಲಿಶ್ ರಿಮೂವರ್. ಹತ್ತಿಯಲ್ಲಿ ಅದ್ದಿ ಒರೆಸಿದರೆ ಐದರ ಮೇಲಿನ ಕರಿ ಬಣ್ಣ, ಅದರ ಜೊತೆ 6581 ಎಂಬ ಅಚ್ಚೂ ಹತ್ತಿಗೆ ಬಂತು. ಕೆಳಗೆ ಉಜ್ಜಿದ ಗೀರುಗಳು. ಯಾವುದೋ ಬೇರೆ ಚಿಪ್ಪು, ಇಪ್ಪತ್ತೆಂಟು ಕಾಲು ಇದೆ ಎಂಬುದೊಂದೇ ಅರ್ಹತೆ. ಉಳಿದ ಏಳರಲ್ಲಿ ಮೂರಕ್ಕೆ ದನಿ ಇತ್ತು, ಫಿಲ್ಟರ್ ಸತ್ತಿತ್ತು. ಪೂರ್ತಿ ಸರಿಯಿದ್ದವು ನಾಲ್ಕು.

ಈ ಮೋಸಕ್ಕೆ ಒಂದು ಚರಿತ್ರೆ ಇದೆ ಎಂದು ನನಗೆ ಗೊತ್ತಿತ್ತು. ಎಲ್ಲಿ ವಸ್ತು ನಿಂತು ಆಸೆ ನಿಲ್ಲುವುದಿಲ್ಲವೋ ಅಲ್ಲಿ ಹೊಸ ಅಚ್ಚು ಹಾಕುವವನು ಇದ್ದೇ ಇರುತ್ತಾನೆ. ಗೊತ್ತಿದ್ದೂ ಒಂಬತ್ತು ಜನರ ಮುಂದೆ ಕೂತಾಗ ಬಾಯಿ ಒಣಗಿತು. ಮಾರಾಟಗಾರ ಉತ್ತರಿಸುವುದನ್ನು ನಿಲ್ಲಿಸಿದ್ದ. ಒಬ್ಬ, ಒಳ್ಳೆಯ ನಾಲ್ಕನ್ನು ಮೊದಲು ದುಡ್ಡು ಕೊಟ್ಟ ನಾಲ್ವರಿಗೆ ಕೊಡಿ ಎಂದ. ಇನ್ನೊಬ್ಬ, ಮೊದಲು ಕೊಟ್ಟವನು ಅವನೇ ಎಂಬುದನ್ನು ನೆನಪಿಸಿದ. ನನ್ನ ಕಡೆ ನೋಡಿ ಯಾರೂ ಏನೂ ಹೇಳಲಿಲ್ಲ, ಅದೇ ಹೆಚ್ಚು ಚುಚ್ಚಿತು. ಕೊನೆಗೆ ನಷ್ಟವನ್ನು ಚಿಪ್ಪಿನ ಲೆಕ್ಕದಲ್ಲಿ ಎಲ್ಲರಿಗೂ ಸಮನಾಗಿ ಹಂಚಿ, ಒಳ್ಳೆಯ ನಾಲ್ಕಕ್ಕೆ ಚೀಟಿ ಎತ್ತುವುದೆಂದಾಯಿತು. ನನ್ನ ಹೆಸರನ್ನು ನಾನು ಹಾಕಲಿಲ್ಲ. ಅದು ತ್ಯಾಗವೇನಲ್ಲ, ಬಂದುಬಿಟ್ಟರೆ ಎಂಬ ಭಯ.

ಹಿರಿಯರೂ ಚೀಟಿ ಎತ್ತಲಿಲ್ಲ. ಫಿಲ್ಟರ್ ಸತ್ತ ಒಂದನ್ನು ತಾವಾಗಿಯೇ ಆರಿಸಿಕೊಂಡರು. ಮೂರು ಆಸಿಲೇಟರುಗಳಲ್ಲಿ ಒಂದನ್ನು ಪಂಚಮಕ್ಕೆ, ಒಂದನ್ನು ಷಡ್ಜಕ್ಕೆ, ಒಂದನ್ನು ಮಂದ್ರ ಷಡ್ಜಕ್ಕೆ ನಿಲ್ಲಿಸಿ ತಮ್ಮ ಹೆಂಡತಿಯ ಅಭ್ಯಾಸಕ್ಕೆ ಶ್ರುತಿಪೆಟ್ಟಿಗೆ ಮಾಡಿಕೊಂಡಿದ್ದಾರೆ. ಕೇಳಿ ಬಂದೆ. ದನಿ ಒರಟು, ದುಂಬಿಯದು. ಬೆಳಗಿನಿಂದ ಹಾಕಿಟ್ಟರೂ ಕೂದಲೆಳೆಯಷ್ಟು ಜರುಗುವುದಿಲ್ಲ. ನಾವೆಲ್ಲ ಯಾವುದಕ್ಕಾಗಿ ಬಾಯಿಬಿಟ್ಟೆವೋ ಆ ಭಾಗವೇ ಸತ್ತಿದ್ದ ಚಿಪ್ಪು ಅದು.

ಅಷ್ಟರಲ್ಲಿ ಹೊರಗಿನ ಲೋಕ ಸ್ವಲ್ಪ ಸುಧಾರಿಸಿದೆ. ಕರ್ಟಿಸ್ 2007ರಲ್ಲಿ ತೀರಿಕೊಂಡರೂ ಅವನ ಕಂಪನಿ 2016ರಲ್ಲಿ 3340ಯನ್ನು ಮತ್ತೆ ತಯಾರಿಸಿತು. ಲಾತ್ವಿಯಾದ ರೀಗಾದಲ್ಲಿ ಆಲ್ಫಾ ಎಂಬ ಕಾರ್ಖಾನೆ ಅದರ ತದ್ರೂಪ ಮಾಡುತ್ತದೆ. ಮೊದಲ ಎಸ್‌ಎಸ್‌ಎಂ ಚಿಪ್ಪುಗಳ ಹಿಂದಿದ್ದ ಡೇವ್ ರೋಸಮ್ 2017ರಲ್ಲಿ ಅದೇ ಬಗೆಯ ಫಿಲ್ಟರ್ ಚಿಪ್ಪನ್ನು ಹೊಸದಾಗಿ ತಂದ. ಸಿಡ್‌ಗೂ ಪ್ರೋಗ್ರಾಂನಿಂದ ನಡೆಯುವ ಬದಲಿಗಳಿವೆ. ಕಣ್ಣು ಮುಚ್ಚಿ ಕೇಳಿದಾಗ ನನಗೆ ಅಸಲು ಯಾವುದು, ಬದಲಿ ಯಾವುದು ಎಂದು ಹೇಳಲಾಗಲಿಲ್ಲ. ಹೇಳಬಲ್ಲೆ ಎನ್ನುವವರ ಕಿವಿಯ ಬಗ್ಗೆ ನನಗೆ ಗೌರವವಿದೆ, ಮಾತಿನ ಬಗ್ಗೆ ಸ್ವಲ್ಪ ಅನುಮಾನವಿದೆ.

ಮೂಗ್‌ನ ಬಗ್ಗೆ ಪುಸ್ತಕಗಳಿವೆ, ಕರ್ಟಿಸ್, ಯಾನಿಸ್ ಬಗ್ಗೆ ಸಂದರ್ಶನ, ಲೇಖನಗಳಿವೆ. ಊಟದ ಮೇಜಿನ ಮೇಲೆ ಚಿಪ್ಪು ಎಣಿಸಿ ಲಕೋಟೆಗೆ ಹಾಕಿದವರ ಬಗ್ಗೆ ಸಿಗುವುದು ಅವರ ಲೆಕ್ಕದ ಚೀಟಿಗಳು ಮಾತ್ರ, ಅವೂ ಉಳಿದಿದ್ದರೆ. ಹಳೆಯ ದೇವಸ್ಥಾನದ ಕಡತದಲ್ಲಿ ಎಣ್ಣೆ, ಬತ್ತಿಯ ಖರ್ಚು ಓದಿ ಊರಿನ ಬಾಳು ಕಟ್ಟುವುದನ್ನು ನಮಗೆ ತರಗತಿಯಲ್ಲಿ ಕಲಿಸುತ್ತಾರೆ. ನನ್ನ ಹತ್ತಿರ ಒಂದು ಇನ್ನೂರು ಪುಟದ ನೋಟ್‌ಬುಕ್ಕಿದೆ. ಅದರಲ್ಲಿ ಒಂಬತ್ತು ಹೆಸರು, ಹನ್ನೆರಡು ಚಿಪ್ಪು, ಸುಂಕ, ಅಂಚೆ, ಐದು ಹೆಸರಿನ ಮುಂದೆ ಸೊನ್ನೆ. ಪುಟದ ಮೂಲೆಯಲ್ಲಿ ರಿಮೂವರಿನ ಕಲೆ.

ಮುಂದಿನ ಪುಟ ಮೊನ್ನೆ ಶುರುವಾಯಿತು. 3300ರ ರೆಸಿಸ್ಟರ್, ಒಂದು ಕಿಲೋ ಓಮ್, ಸಾವಿರಕ್ಕೆ ಕಡಿಮೆ ಕೊಡುವುದಿಲ್ಲವಂತೆ. ಈ ಸಲ ಸುಂಕವನ್ನು ಮೊದಲೇ ಸೇರಿಸಿದ್ದೇನೆ. ಮೊದಲ ಹೆಸರು ಹಿರಿಯರದು, ಇಪ್ಪತ್ತು ಪೀಸು. ಶ್ರುತಿಪೆಟ್ಟಿಗೆ ಜರುಗುವುದೇ ಇಲ್ಲವಲ್ಲ, ನಿಮಗೆ ಇದು ಯಾಕೆ ಎಂದು ಕೇಳಿದೆ. ‘ಜರುಗೋದೇ ಇಲ್ಲ ಅಂತ ಮನೆಯವರು ಬೈತಾರಪ್ಪ, ಜೀವ ಇಲ್ಲವಂತೆ’ ಎಂದರು. ಇಲ್ಲಿಯವರೆಗೆ 640 ಆಗಿದೆ.